ಚಿತ್ರದಲ್ಲಿ ಇಲ್ಲದ ಜನ

ನಮ್ಮ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕಲ್ಲಿನ ಚಿತ್ರಪುಸ್ತಕವೊಂದಿದೆ. ಚಂದ್ರಗುಪ್ತ ಬಸದಿಯ ಜಾಲಂಧ್ರದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು 90 ಸಣ್ಣ ಚಿತ್ರಗಳಲ್ಲಿ ಕೆತ್ತಿ, ಶಿಲ್ಪಿ ದಾಸೋಜನು ತನ್ನ ಹೆಸರನ್ನೂ ಉಳಿಸಿ ಹೋಗಿದ್ದಾನೆ. ಅದೇ ಕಥೆ ಈಗ ಬಣ್ಣದ ಕಾಗದದ ಮೇಲೂ ಬಂದಿದೆ. ಬೇಸಗೆ ರಜೆಯಲ್ಲಿ ಅಂಥದೊಂದು ಪುಸ್ತಕವನ್ನು ಕೇರಿಯ ಮಕ್ಕಳಿಗೆ ಓದಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಬಿ.ಎ. ಓದುವವನೆಂದರೆ ನಮ್ಮ ಕೇರಿಯಲ್ಲಿ ಸರ್ವಜ್ಞನೆಂದೇ ಲೆಕ್ಕ!

ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುವುದೆಂದು ಭದ್ರಬಾಹುಗಳು ನುಡಿದರು. ಮುನಿಸಂಘವು ದಕ್ಷಿಣಕ್ಕೆ ಹೊರಟಿತು. ಚಿತ್ರಗಳೇನೋ ಸೊಗಸಾಗಿದ್ದವು. ಆದರೆ ಸಂಘವು ಇಲ್ಲಿಗೆ ಬಂದು ಸೇರಿದ ಪುಟದಲ್ಲಿ ಬಂಡೆ, ಮರ, ಒಂದು ಹುಲಿ, ಅಷ್ಟೆ. ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳು, "ಅಣ್ಣಾ, ಆಗ ಇಲ್ಲಿ ಯಾರೂ ಇರ್ಲಿಲ್ವಾ? ಇವರಿಗೆ ಊಟ ಯಾರು ಹಾಕಿದ್ರು?" ಎಂದಳು.

ಮುನಿಗಳು ತಾವಾಗಿ ಅಡಿಗೆ ಮಾಡಿಕೊಳ್ಳುವವರಲ್ಲ. ಗೃಹಸ್ಥರು ನೀಡಿದ್ದನ್ನು ಕೈಯಲ್ಲಿ ಸ್ವೀಕರಿಸುವವರು. ಅಂದಮೇಲೆ ಹುಡುಗಿಯ ಪ್ರಶ್ನೆ ಸಣ್ಣದಲ್ಲ.

ಉತ್ತರವೂ ಅದೇ ಬೆಟ್ಟದಲ್ಲಿದೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವಿದೆ. ರೈಸ್ ಸಾಹೇಬರು 1889ರಲ್ಲಿಯೇ ಅದನ್ನು ಅಚ್ಚು ಹಾಕಿಸಿದರು. ಸಂಘವು ಬಂದು ಸೇರಿದ್ದು ನೂರಾರು ಗ್ರಾಮಗಳ ನಾಡನ್ನು. ಅದು ಜನ, ಹೊನ್ನು, ಬೆಳೆ, ಹಸು, ಎಮ್ಮೆ, ಆಡು, ಕುರಿಗಳಿಂದ ತುಂಬಿತ್ತು ಎನ್ನುತ್ತದೆ ಆ ಶಾಸನ. ಬೆಟ್ಟದ ಮೇಲಿನ ಹುಲಿ ಕರಡಿಗಳ ಮಾತೂ ಅದರಲ್ಲಿದೆ. ನಮ್ಮ ಚಿತ್ರಗಾರನು ಹುಲಿಯನ್ನು ಉಳಿಸಿಕೊಂಡು ಜನರನ್ನು ಬಿಟ್ಟಿದ್ದಾನೆ! ಬಂದ ಚಂದ್ರಗುಪ್ತನು ಮೌರ್ಯನೇ ಹೌದೋ ಅಲ್ಲವೋ ಎಂದು ವಿದ್ವಾಂಸರು ವಾದಿಸುತ್ತಾರೆ; ವಾದಿಸಲಿ. ಆ ಕುರಿಗಳನ್ನು ಯಾರೋ ಕಾಯುತ್ತಿದ್ದರೆಂಬುದಕ್ಕೆ ವಾದ ಬೇಕಿಲ್ಲ.

ಬರಿದಾದ ಕಾಡಿನ ಚಿತ್ರ ನಮ್ಮಲ್ಲಿ ಮಾತ್ರವಲ್ಲ. ಸ್ಪೇನಿನವರು 1769ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿ ಮಿಷನ್ ಕಟ್ಟಿದಾಗ ಆ ನೆಲದಲ್ಲಿ ಕುಮೆಯಾಯ್ ಜನ ಆಗಲೇ ಬಾಳುತ್ತಿದ್ದರು. 1775ರಲ್ಲಿ ಅದಕ್ಕೆ ಬೆಂಕಿಯಿಟ್ಟವರೂ ಅವರೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಇಲ್ಲಿಗೆ ಬಂದವರ ಕೈಯಲ್ಲಿದ್ದುದು ನವಿಲುಗರಿಯ ಪಿಂಛ, ಬಂದೂಕವಲ್ಲ. ಅವರು ನೆಲವನ್ನು ಕೇಳಲಿಲ್ಲ, ಸಮಾಧಿಗೊಂದು ಬಂಡೆಯನ್ನು ಬಯಸಿದರು. ಆದರೂ ಬಂದವರನ್ನು ಬರೆದು ಇದ್ದವರನ್ನು ಅಳಿಸುವ ಚಾಳಿ ಎರಡು ಕಡೆಯೂ ಒಂದೇ.

ಮಾರನೆಯ ಸಂಜೆ ಶಾಸನದ ಅರ್ಥವನ್ನು ಮಕ್ಕಳಿಗೆ ಓದಿ ಹೇಳಿದೆ. ಆ ಹುಡುಗಿ ತಡೆದು ಕೇಳಿದಳು: "ಆಡು ಬೇರೆ, ಕುರಿ ಬೇರೆ ಬರೆದವ್ರಾ?"

"ಹೌದಮ್ಮ, ಬೇರೆ ಬೇರೆಯಾಗಿಯೇ ಬರೆದಿದ್ದಾರೆ."

"ಹಂಗಾದ್ರೆ ಬರೆದೋರು ನೋಡಿದ್ರು ಬಿಡಣ್ಣ," ಎಂದಳು.