ಫ್ಯೂಸು ಜೇಬಿನಲ್ಲಿ, ನಾನು ಬಾವಿಯಲ್ಲಿ

ನಮ್ಮಣ್ಣ ಬಾವಿಯ ಹತ್ತಿರ ಬರುವುದು ಈಜಲಿಕ್ಕಲ್ಲ. ಪಂಪ್‌ಮನೆಯ ಬಾಗಿಲು ತೆಗೆದು, ಸ್ಟಾರ್ಟರ್ ಪಕ್ಕದ ಮೂರೂ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, "ಹೂಂ, ಈಗ ಇಳ್ಕೊ" ಎಂದು ತೆಂಗಿನ ಮರದ ನೆರಳಿಗೆ ಹೋಗಿ ಕೂರುತ್ತಾನೆ. ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೋ, ಮೋಟಾರಿನ ವೈರು ಎಲ್ಲಿ ಸವೆದಿದೆಯೋ ಯಾರಿಗೆ ಗೊತ್ತು? ಆ ಮೂರು ಪಿಂಗಾಣಿ ತುಂಡುಗಳು ಅವನ ಜೇಬಿನಲ್ಲಿರುವಷ್ಟು ಹೊತ್ತು ಬಾವಿ ನನ್ನದು.

ಮಂಡ್ಯ ಸೀಮೆಯ ನನ್ನ ತವರಿನಲ್ಲಿ ಬೇಸಿಗೆಯಲ್ಲೂ ಬಾವಿ ಬತ್ತದಿರುವುದು ಕನ್ನಂಬಾಡಿ ಕಟ್ಟೆಯ ದಯೆ. ಇರ್ವಿನ್ ನಾಲೆಯೆಂದು ಹುಟ್ಟಿ ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ನಮ್ಮ ವಿ.ಸಿ. ನಾಲೆಯಲ್ಲಿ ಆಗೀಗ ನೀರು ಬಿಟ್ಟರೂ ಸಾಕು, ಬಯಲಿನಲ್ಲಿ ಇಂಗಿದ್ದು ಬಸಿದು ಬಾವಿಗೆ ಬರುತ್ತದೆ. ಹಾಗಿದ್ದರೆ ನಾಲೆಗೇ ಇಳಿಯಬಾರದೇ ಎಂದು ಪೇಟೆಯಿಂದ ಬಂದವರು ಕೇಳುತ್ತಾರೆ. ಕೂಡದು. ಮೇಲೆ ಮಂದವಾಗಿ ಕಂಡರೂ ಒಳಗೆ ಸೆಳೆತ ಜೋರು. ಪಾಚಿ ಕಟ್ಟಿದ ಇಳಿಜಾರು ಕಾಂಕ್ರೀಟಿನಲ್ಲಿ ಕೈಗೆ ಆಸರೆ ಸಿಗುವುದಿಲ್ಲ. ಬಾವಿಯಲ್ಲಾದರೆ ಗೋಡೆಯಿಂದ ಚಾಚಿದ ಕಲ್ಲುಮೆಟ್ಟಿಲು ನೀರಿನೊಳಗೂ ಇಳಿದುಹೋಗಿವೆ. ಎಲ್ಲಿ ದಣಿದರೂ ನಾಲ್ಕು ಕೈ ಬೀಸಿದರೆ ಒಂದು ಕಲ್ಲು ಸಿಗುತ್ತದೆ.

ಮೊದಲು ನೈಟಿಯಲ್ಲೇ ಇಳಿಯುತ್ತಿದ್ದೆ. ನೀರು ಸೊಂಟಕ್ಕೆ ಬರುವಷ್ಟರಲ್ಲಿ ಅದರೊಳಗೆ ಗಾಳಿ ತುಂಬಿ ಸುತ್ತಲೂ ಉಬ್ಬಿಕೊಳ್ಳುತ್ತಿತ್ತು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮೇಲೆ ನಿಂತ ಮಕ್ಕಳಿಗೆ ಪುಕ್ಕಟೆ ಸಿನಿಮಾ. ಈಗ ಅಣ್ಣನ ಹಳೇ ಟೀ ಶರ್ಟು, ನನ್ನ ವಾಕಿಂಗ್ ಪ್ಯಾಂಟು. ಚೆಂದ ಕಾಣುತ್ತದೆಯೇ ಎಂದು ಯಾರೂ ಕೇಳಿಲ್ಲ. ಕತ್ತಿನಿಂದ ಕೆಳಗೆ ಎಲ್ಲವೂ ಹಸಿರು ನೀರಿನೊಳಗೆ ಕರಗಿಹೋಗಿರುವಾಗ ಕೇಳುವುದಾದರೂ ಏನನ್ನು?

ನೀರಿಗಿಳಿದ ಮೊದಲ ಸುಖ ಮಂಡಿಗೆ. ಕತ್ತಿನವರೆಗೆ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈತೂಕದ ಹತ್ತರಲ್ಲೊಂದು ಪಾಲು ಮಾತ್ರ. 70 ಕಿಲೋ ಹೊತ್ತು ಮೆಟ್ಟಿಲಿಳಿದವಳು ಕೆಳಗಿನ ಕಲ್ಲಿನ ಮೇಲೆ ಏಳು ಕಿಲೋದವಳಾಗಿ ನಿಂತಿರುತ್ತೇನೆ. ಆಮೇಲೆ ತಂಪು. ಬಿಸಿಲಿಗೆ ಕಾದ ಮೇಲಿನ ನೀರು ಹಗುರಾಗಿ ಮೇಲೇ ಉಳಿಯುತ್ತದೆ, ತಣ್ಣನೆಯದು ಅಡಿಯಲ್ಲಿ. ಹಾಗಾಗಿ ಎದೆಗೆ ಉಗುರು ಬೆಚ್ಚಗೆ, ತೊಡೆಗೆ ತಂಪು, ಹೆಬ್ಬೆರಳನ್ನು ಇನ್ನಷ್ಟು ಕೆಳಕ್ಕೆ ಚಾಚಿದರೆ ಚಳುಕ್ಕೆನ್ನುವ ಚಳಿ. ಒಂದೇ ಮೈಗೆ ಒಂದೇ ಹೊತ್ತಿನಲ್ಲಿ ಮೂರು ಕಾಲ. ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳಬೇಕು: ನೀರು ಕಾಲಿನ ರಕ್ತವನ್ನು ಎದೆಯತ್ತ ಒತ್ತುವುದರಿಂದ, ಮೈಯಲ್ಲಿ ನೀರು ಹೆಚ್ಚಾಯಿತೆಂದುಕೊಂಡು ಮೂತ್ರಪಿಂಡಗಳು ಬಿರುಸಾಗಿ ಕೆಲಸ ಶುರುಮಾಡುತ್ತವೆ. ಈಜಿ ಮೇಲೆ ಬಂದವರೆಲ್ಲ ಕಬ್ಬಿನ ಗದ್ದೆಯತ್ತ ಅವಸರದಲ್ಲಿ ಹೋಗುವುದು ಅದಕ್ಕೇ.

ನನಗೆ ಎಲ್ಲಕ್ಕಿಂತ ಇಷ್ಟ ಅಂಗಾತ ತೇಲುವುದು. ಕಿವಿ ಮುಳುಗಿದರೆ ಮೇಲಿನ ಗದ್ದಲ ನಿಂತು ನಮ್ಮ ಉಸಿರಿನ ಸದ್ದಷ್ಟೇ ಉಳಿಯುತ್ತದೆ. ಉಸಿರೆಳೆದರೆ ಎದೆ ಎರಡು ಬೆರಳು ಮೇಲೇಳುತ್ತದೆ, ಬಿಟ್ಟರೆ ಅಷ್ಟೇ ಇಳಿಯುತ್ತದೆ. ಆಗ ಮೈಯೆಂದರೆ ಅಷ್ಟೇ, ಒಂದು ಏರಿಳಿತ. ಅಣ್ಣನ ಮಗನಿಗೆ ಮಾತ್ರ ಇದು ಒಗ್ಗದು. ಮಂಡ್ಯದ ಜಿಮ್ಮಿಗೆ ಹೋಗಿ ತೋಳು ಬೆಳೆಸಿದ ಹುಡುಗ. ಕಟ್ಟೆಯ ಮೇಲಿಂದ ಎರಡು ಲಾಗ ಹಾಕಿ ಧುಮುಕುತ್ತಾನೆ, ಅಂಗಾತ ಮಲಗು ಎಂದರೆ ಕಾಲು ಕೆಳಗೆ, ಹಿಂದೆಯೇ ಸೊಂಟ. "ಅತ್ತೆ, ನೀನು ಹೆಂಗೆ ಮುಳುಗಲ್ಲ?" ಎನ್ನುತ್ತಾನೆ. ಉತ್ತರ ಸುಲಭ. ಸ್ನಾಯು ನೀರಿಗಿಂತ ತುಸು ಭಾರ, ಕೊಬ್ಬು ಹಗುರ. ಕನ್ನಡಿಯ ಮುಂದೆ ನಿಂತಾಗ ನಾನು ಉಸಿರು ಬಿಗಿಹಿಡಿದು ಒಳಗೆಳೆದುಕೊಳ್ಳುವ ಭಾಗವೇ ಇಲ್ಲಿ ನನ್ನನ್ನು ಎತ್ತಿ ಹಿಡಿದಿರುವುದು. ಇದನ್ನು ಕೇಳಿ ಅವನು ನಕ್ಕ, ನಾನಂತೂ ಆವತ್ತಿನಿಂದ ಅದರ ಮೇಲೆ ದೂರು ಹೇಳುವುದನ್ನು ಬಿಟ್ಟಿದ್ದೇನೆ.

ಬೆಂಗಳೂರಿನ ಈಜುಕೊಳಗಳ ಮೇಲೆ ನನಗೇನೂ ಮುನಿಸಿಲ್ಲ. ಅಲ್ಲಿ ಪಳಗಿದವರು ದೊಡ್ಡ ಹೆಸರು ಮಾಡಿದ್ದಾರೆ. ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ವರೆಗೆ ಹೋದರು, ಶ್ರೀಹರಿ ನಟರಾಜ್ ಟೋಕಿಯೊ, ಪ್ಯಾರಿಸ್ ಎರಡನ್ನೂ ಕಂಡರು. ಆದರೆ ಕೊಳದಲ್ಲಿ ಆ ಕೊನೆಯಿಂದ ಈ ಕೊನೆಗೆ ಎಷ್ಟು ಸಲ, ಎಷ್ಟು ನಿಮಿಷ ಎಂಬ ಲೆಕ್ಕ ಬೇಡವೆಂದರೂ ತಲೆಗೆ ಹತ್ತುತ್ತದೆ. ದುಂಡನೆಯ ಬಾವಿಗೆ ಕೊನೆಯೇ ಇಲ್ಲ. ಸುತ್ತು ಹಾಕುತ್ತಾ ಎಣಿಕೆ ತಪ್ಪುತ್ತದೆ, ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಮೇಲೆ ಬಾಗಿದ ಕೊಂಬೆಯಲ್ಲಿ ಗೀಜಗನ ಗೂಡುಗಳು. ಅತ್ತಕಡೆಯ ಕಲ್ಲಿನ ಸಂದಿಯಿಂದ ನೀರೊಳ್ಳೆ ತಲೆ ಹಾಕುತ್ತದೆ. ವಿಷವಿಲ್ಲದ ಹಾವು, ಆದರೂ ಅದಕ್ಕೆ ಆ ಬದಿ, ನನಗೆ ಈ ಬದಿ.

ಏಪ್ರಿಲ್ ಇಪ್ಪತ್ತು ಕಳೆದ ಮೇಲೆ ಒಂದೆರಡು ದಿನ ಮಾತ್ರ ಸಂಜೆಗೆ ಕಾಯದೆ ನಡುಮಧ್ಯಾಹ್ನವೇ ಇಳಿಯುತ್ತೇನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ತುಸು ದಕ್ಷಿಣಕ್ಕಿರುವ ಮಂಡ್ಯದಲ್ಲಿ ಅದು ಒಂದೆರಡು ದಿನ ಮೊದಲೇ. ಬೇರೆ ದಿನ ಗೋಡೆಗೆ ತಾಗಿ ನಿಲ್ಲುವ ಬಿಸಿಲು ಅವತ್ತು ನೇರ ಕೆಳಗಿಳಿಯುತ್ತದೆ. ಮುಳುಗಿ ಕಣ್ಣುಬಿಟ್ಟರೆ ಎಂದೂ ಕಾಣದ ಕೆಳಗಿನ ಮೆಟ್ಟಿಲುಗಳು, ಫುಟ್‌ವಾಲ್ವಿನ ಜಾಲರಿ, ಅದರ ಪಕ್ಕ ಯಾವ ಕಾಲದಲ್ಲೋ ಬಿದ್ದ ತಾಮ್ರದ ಚೊಂಬು. ಅದನ್ನು ಎತ್ತಿಕೊಡು ಎಂದು ಅತ್ತಿಗೆ ಪ್ರತಿ ಬೇಸಿಗೆಯೂ ಹೇಳುತ್ತಾರೆ. ಅಷ್ಟು ಆಳ ನನ್ನ ಉಸಿರಿಗೆ ನಿಲುಕುವುದಿಲ್ಲ, ಲಾಗ ಹಾಕುವವನಿಗೆ ಪುರುಸೊತ್ತಿಲ್ಲ.

ಹೊಸಬರಿಗೆ ಒಂದೇ ಮಾತು: ಒಬ್ಬರೇ ಇಳಿಯಬೇಡಿ, ಮೇಲೆ ಈಜು ಬಲ್ಲವರೊಬ್ಬರು ಹಗ್ಗ ಹಿಡಿದು ನಿಂತಿರಲಿ. ಮಕ್ಕಳ ಬೆನ್ನಿಗೆ ಹಿಂದೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಈಗ ಮುಚ್ಚಳ ಬಿಗಿದ ಎಣ್ಣೆ ಕ್ಯಾನು. ಎರಡೂ ತೇಲುತ್ತವೆ.

ನೀರಿನಿಂದ ಎದ್ದವರ ಹಸಿವು ಬೇರೆಯೇ ಜಾತಿಯದು. ಮನೆಗೆ ಬಂದು ಒದ್ದೆ ಕೂದಲಲ್ಲೇ ತಟ್ಟೆಯ ಮುಂದೆ ಕೂತರೆ, ಉಪ್ಸಾರಿನ ಜೊತೆ ಮೊದಲ ಮುದ್ದೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಇನ್ನೊಂದಕ್ಕೆ ತಟ್ಟೆ ಚಾಚಿದೆ.

"ಅಲ್ಲ ಕಣಮ್ಮ, ಈಜೋದು ಸಣ್ಣ ಆಗಕ್ಕಲ್ವಾ?" ಎಂದರು ಅತ್ತಿಗೆ.

"ಯಾರು ಹೇಳಿದ್ದು ನಿಮಗೆ? ಖಾರಾನೂ ಸ್ವಲ್ಪ ಹಾಕಿ."