ಗೋಡೆ ಮೇಲಿನ ಸರ್ಟಿಫಿಕೇಟು, ನಡಾವಳಿ ಪುಸ್ತಕದ ನಾಲ್ಕು ಸಾಲು



ನಮ್ಮ ಸಂಘಟನೆಯ ಹುಡುಗರು ನನ್ನನ್ನ ಆಗಾಗ ಕೇಳೋ ಪ್ರಶ್ನೆ ಒಂದಿದೆ. "ಅಣ್ಣಾ, ಹಗಲೆಲ್ಲಾ ಮೆಡಿಕಲ್ ಶಾಪ್ ಸಾಹುಕಾರರ ಸಂಘದಲ್ಲಿ ಲೆಕ್ಕ ಬರೀತೀರಿ, ಸಂಜೆಯಾದ್ರೆ ನಮ್ಮ ಜೊತೆ ಧರಣಿಗೆ ಕೂರ್ತೀರಿ. ಇದೆಂಗಣ್ಣಾ?" ಹೊಟ್ಟೆಪಾಡು ಕಣ್ರಪ್ಪಾ ಅಂತ ನಕ್ಕು ಸುಮ್ಮನಾಗ್ತಿದ್ದೆ. ಹೊಟ್ಟೆಪಾಡಂತೂ ಹೌದು. ಆದರೆ ಅದಷ್ಟೇ ಅಲ್ಲ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮದು ತಾಲ್ಲೂಕು ಮಟ್ಟದ ಕೆಮಿಸ್ಟರ ಸಂಘ. ಕೆಮಿಸ್ಟ್ ಅಂದ ತಕ್ಷಣ ಪ್ರಯೋಗಾಲಯ, ಗಾಜಿನ ನಳಿಗೆ ಅಂತ ಅಂದ್ಕೋಬೇಡಿ. ಅಂಥ ರಸಾಯನ ವಿಜ್ಞಾನಿಗಳ ಸಂಘ 1924ರಲ್ಲೇ ಕಲ್ಕತ್ತಾದಲ್ಲಿ ಶುರುವಾಯ್ತು, ಆಚಾರ್ಯ ಪ್ರಫುಲ್ಲಚಂದ್ರ ರೇ ಅದರ ಮೊದಲ ಅಧ್ಯಕ್ಷರು. ನಮ್ಮ ಕೆಮಿಸ್ಟರು ಔಷಧಿ ಅಂಗಡಿಯವರು. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಭಾರತದಲ್ಲಿ ವಿಜ್ಞಾನದ ಬುದ್ಧಿ ಯಾಕೆ ಒಣಗಿಹೋಯ್ತು ಅಂತ ಆ ರೇ ಅವರು ತಮ್ಮ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ವಿಚಾರ ಮಾಡಿದ್ದಾರೆ. ಜಾತಿ ಗಟ್ಟಿಯಾದಂತೆ ಕೈಯಲ್ಲಿ ಕೆಲಸ ಮಾಡೋರು ಬೇರೆ, ತಲೆಯಲ್ಲಿ ಯೋಚನೆ ಮಾಡೋರು ಬೇರೆ ಆದರು, ಮುಟ್ಟೋದೇ ಮೈಲಿಗೆ ಅಂದಮೇಲೆ ವಿದ್ಯೆ ಎಲ್ಲಿ ಬೆಳೆಯುತ್ತೆ ಅನ್ನೋದು ಅವರ ವಾದದ ತಿರುಳು. ಆ ಪುಸ್ತಕದ ಮೊದಲ ಸಂಪುಟ ಬಂದದ್ದು 1902ರಲ್ಲಿ. ನಾನು ಬಿಎ ಓದುವಾಗ ಯಾವ ಮೇಷ್ಟ್ರೂ ಇದನ್ನ ಹೇಳಲಿಲ್ಲ.

ಸರಿ, ಸಂಘ ನಡೆಸೋದು ಅಂದ್ರೆ ಏನು? ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿ ಇರ್ತಾರೆ. ಸೆಪ್ಟೆಂಬರ್ 25ರ ಫಾರ್ಮಸಿಸ್ಟ್ ದಿನ ಶಾಲು ಹಾಕೋದು, ಹಾಕಿಸ್ಕೊಳ್ಳೋದು ಅವರ ಕೆಲಸ. ಉಳಿದದ್ದೆಲ್ಲಾ ಗುಮಾಸ್ತನದು. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಸಂಘ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು, ಆದ 14 ದಿನದೊಳಗೆ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿ ಸೇರಬೇಕು. ಚಂದಾ ರಸೀತಿ, ನೋಟೀಸು, ಕೋರಂ ಲೆಕ್ಕ, ನಡಾವಳಿ ಎಲ್ಲಾ ನನ್ನ ಕೈಬರಹ. ಜೊತೆಗೆ ಸದಸ್ಯರ ಕಾಗದಪತ್ರ. 2017ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ನವೀಕರಣದ ಓಡಾಟ ತಪ್ಪಿದೆ, ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿದರೆ ಸಾಕು. ಆ ತಾರೀಕನ್ನೂ ನಾನೇ ಫೋನು ಮಾಡಿ ನೆನಪಿಸಬೇಕು. ಕೆಲವು ಆ್ಯಂಟಿಬಯೋಟಿಕ್ಕು, ನಿದ್ದೆ ಮಾತ್ರೆಗಳಿಗೆ 2014ರಿಂದ ಎಚ್-1 ಅಂತ ಬೇರೆ ರಿಜಿಸ್ಟರ್ ಇಡಬೇಕು, ಅದನ್ನ ಮೂರು ವರ್ಷ ಕಾಪಾಡಬೇಕು. ಆ ರಿಜಿಸ್ಟರಿನ ಗೆರೆ ಎಳೆಯೋದನ್ನ ಎಷ್ಟು ಅಂಗಡಿಗೆ ನಾನೇ ಹೇಳಿಕೊಟ್ಟಿದೀನೋ ಲೆಕ್ಕವಿಲ್ಲ.

ಹದಿನಾಲ್ಕು ವರ್ಷ ಆಯ್ತು. ಈ ಅವಧಿಯಲ್ಲಿ ಅಧ್ಯಕ್ಷರು ಐದು ಜನ ಬದಲಾದರು, ಅವರ ಜಾತಿ ಎರಡರಾಚೆ ದಾಟಲಿಲ್ಲ. ನನಗೆ ಟೀ ಲೋಟ ಬೇರೆ ಇಟ್ಟಿಲ್ಲ, ಅದನ್ನೂ ಹೇಳಬೇಕು. ನಮ್ಮೂರ ಆಫೀಸುಗಳಲ್ಲಿ ಆ ಕಾಲ ಹೋಯ್ತು. ಈಗ ಜಾತಿ ಇರೋದು ಲೋಟದಲ್ಲಲ್ಲ, ಉದ್ರಿಯಲ್ಲಿ. ಹೋಲ್‌ಸೇಲಿನವನು ಯಾರಿಗೆ ಎಷ್ಟು ದಿನ ಉದ್ರಿ ಕೊಡ್ತಾನೆ ಅನ್ನೋದರಲ್ಲಿ. ಮತ್ತೆ ಗೋಡೆ ಮೇಲೆ.

ಗೋಡೆ ವಿಷಯಕ್ಕೆ ಬರ್ತೀನಿ. ಮುಂದಿನ ಸಲ ಔಷಧಿ ಅಂಗಡಿಗೆ ಹೋದಾಗ ಕೌಂಟರಿನ ಹಿಂದಿರೋ ಫ್ರೇಮು ನೋಡಿ. ಲೈಸೆನ್ಸಿನ ಪಕ್ಕ ಫಾರ್ಮಸಿಸ್ಟರ ನೋಂದಣಿ ಸರ್ಟಿಫಿಕೇಟು ಇರುತ್ತೆ. ಅದರಲ್ಲಿರೋ ಮುಖ, ಮಾತ್ರೆ ಕೊಡ್ತಿರೋ ಮುಖ ಒಂದೇನಾ ನೋಡಿ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವನು ನೋಂದಾಯಿತ ಫಾರ್ಮಸಿಸ್ಟು. ಅಂಗಡಿ ಇಡೋಕೆ ಬಂಡವಾಳ ಇರೋರ ಹತ್ರ ಓದು ಇರಲ್ಲ, ಡಿ-ಫಾರ್ಮ ಓದಿದವನ ಹತ್ರ ಬಂಡವಾಳ ಇರಲ್ಲ. ಹಂಗಾಗಿ ಸರ್ಟಿಫಿಕೇಟು ಬಾಡಿಗೆಗೆ ಹೋಗುತ್ತೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಫ್ರೇಮು ನೇತು ಹಾಕ್ಕೋತಾರೆ. ಇನ್‌ಸ್ಪೆಕ್ಟರ್ ಬರ್ತಾರೆ ಅಂತ ಗೊತ್ತಾದ ದಿನ ಆ ಹುಡುಗ ಬಿಳಿ ಕೋಟು ಹಾಕ್ಕೊಂಡು ಬಂದು ನಿಲ್ಲಬೇಕು. ಸಿಕ್ಕಿಬಿದ್ದರೆ ನೋಂದಣಿಗೇ ಕುತ್ತು ಬರೋದು ಅವನಿಗೆ.

ನಮ್ಮ ತಾಲ್ಲೂಕಿನಲ್ಲಿ ಹಾಗೆ ನೇತಾಡ್ತಿರೋ ಹೆಸರುಗಳಲ್ಲಿ ನಮ್ಮ ಕೇರಿಗಳ ಹುಡುಗರದು ಎಷ್ಟು ಅಂತ ನನಗೆ ಗೊತ್ತು. ಸದಸ್ಯರ ಫೈಲು ನನ್ನ ಬೀರುವಿನಲ್ಲೇ ಇದೆ. ಸ್ಕಾಲರ್‌ಶಿಪ್ಪಲ್ಲಿ ಓದಿ, ಹಾಸ್ಟೆಲಿನ ಸಾರು ಉಂಡು ತಗೊಂಡ ಸರ್ಟಿಫಿಕೇಟು ಇನ್ನೊಬ್ಬರ ಗಲ್ಲಾ ಪೆಟ್ಟಿಗೆ ಕಾಯ್ತಾ ಕೂತಿದೆ. ಓದು ನಮ್ಮದು, ಅಂಗಡಿ ಅವರದು. ರೇ ಅವರು ಕೈ ಬೇರೆ ತಲೆ ಬೇರೆ ಅಂದಿದ್ದರಲ್ಲ, ಇಲ್ಲಿ ಅದು ತಿರುಗಾಮುರುಗಾ ಆಗಿದೆ. ಲಾಭ ಮಾತ್ರ ದಿಕ್ಕು ಬದಲಿಸಿಲ್ಲ.

ಅಂಥ ಹುಡುಗರಲ್ಲಿ ಒಬ್ಬ, ಹೆಸರು ಬೇಡ, ಏಳು ವರ್ಷ ಫ್ರೇಮಿನಲ್ಲಿದ್ದವನು, ಈಚೆಗೆ ಬಂದು "ಅಣ್ಣಾ, ಸ್ವಂತ ಅಂಗಡಿ ಇಡ್ತೀನಿ" ಅಂದ. ಸ್ಟ್ಯಾಂಡ್ ಅಪ್ ಇಂಡಿಯಾ ಅಂತ 2016ರ ಯೋಜನೆ ಆಗ ಇತ್ತು, ನಮ್ಮವರಿಗೆ, ಹೆಣ್ಣುಮಕ್ಕಳಿಗೆ 10 ಲಕ್ಷದಿಂದ ಒಂದು ಕೋಟಿವರೆಗೆ ಸಾಲ. ಅದಕ್ಕೆ ಓಡಾಡಿ ಚಪ್ಪಲಿ ಸವೆಸಿದ. ಆಸ್ಪತ್ರೆ ರಸ್ತೆಯಲ್ಲಿ ಮಳಿಗೆ ಹಿಡಿದ. ನಿಯಮದ ಪ್ರಕಾರ ಕನಿಷ್ಠ 10 ಚದರ ಮೀಟರ್ ಜಾಗ ಇರಬೇಕು, ಇವನದು ಅದಕ್ಕಿಂತ ಜಾಸ್ತಿಯೇ ಇತ್ತು. ಫ್ರಿಜ್ ಇಟ್ಟ. ನಮೂನೆ 20, 21ರ ಲೈಸೆನ್ಸೂ ಕೈಗೆ ಬಂತು. ಆಮೇಲೆ ನಮ್ಮ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿದ.

ಸದಸ್ಯತ್ವ ಯಾಕೆ ಬೇಕು, ಸರ್ಕಾರದ ಲೈಸೆನ್ಸೇ ಇದೆಯಲ್ಲ ಅಂತ ಕೇಳಬಹುದು. ಕಾನೂನಿಗೆ ಬೇಡ. ಆದರೆ ಸಂಘ ಹೂಂ ಅನ್ನದೇ ಹೋಲ್‌ಸೇಲಿನವರು ಮಾಲು ಕೊಡಲ್ಲ. ಯಾರೂ ಬಾಯಿಬಿಟ್ಟು ಕೊಡಲ್ಲ ಅನ್ನಲ್ಲ, "ಸ್ಟಾಕಿಲ್ಲ" ಅಂತಾರೆ ಅಷ್ಟೆ. ಔಷಧಿ ಅಂಗಡಿಗೆ ಮಾಲು ನಿಂತರೆ ಆಸ್ಪತ್ರೆಗೆ ಆಕ್ಸಿಜನ್ ನಿಂತ ಹಾಗೆ.

ಸಮಿತಿ ಸಭೆಯಲ್ಲಿ ಅವನ ಅರ್ಜಿ ಬಂತು. ಆ ರಸ್ತೆಯಲ್ಲಿ ಆಗಲೇ ಆರು ಅಂಗಡಿ ಇವೆ ಅಂದ್ರು ಒಬ್ಬರು. ಇನ್ನೊಬ್ಬರು ನಗ್ತಾ, "ಸರ್ಟಿಫಿಕೇಟಿಗೆ ತಿಂಗಳಾ ದುಡ್ಡು ಬರ್ತಿತ್ತಲ್ಲ, ಆರಾಮಾಗಿದ್ದ. ಯಾಕೆ ಬೇಕಿತ್ತು ಅವನಿಗೆ?" ಅಂದ್ರು. ಎಲ್ಲರೂ ನಕ್ಕರು. ಯಾರೂ ಜಾತಿ ಹೆಸರು ಎತ್ತಲಿಲ್ಲ ನೋಡಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಸಿಗೋ ಒಂದೇ ಒಂದು ಶಬ್ದ ಆ ಕೋಣೆಯಲ್ಲಿ ಬೀಳಲಿಲ್ಲ. 2015ರ ತಿದ್ದುಪಡಿಯಲ್ಲಿ ಆರ್ಥಿಕ ಬಹಿಷ್ಕಾರವೂ ಅಪರಾಧ ಅಂತ ಸೇರಿದೆ, ಸರಿ. ಫೋನಿನಲ್ಲಿ ಹೇಳಿದ "ಸ್ಟಾಕಿಲ್ಲ" ಅನ್ನೋ ಮಾತನ್ನ ಬಹಿಷ್ಕಾರ ಅಂತ ಯಾವ ಠಾಣೆಯಲ್ಲಿ ಸಾಬೀತು ಮಾಡ್ತೀರಿ?

ಕಾರ್ಯದರ್ಶಿ ನನ್ನ ಕಡೆ ತಿರುಗಿ, "ಅರ್ಜಿ ಅಪೂರ್ಣ, ಮುಂದಿನ ಸಭೆಗೆ ಇಡಲಾಗಿದೆ ಅಂತ ಬರ್ಕೊಳ್ಳಿ" ಅಂದ್ರು.

ಅರ್ಜಿ ಪೂರ್ಣವಾಗಿತ್ತು. ತಪಾಸಣೆ ಮಾಡಿ ಸಹಿ ಹಾಕಿದವನೇ ನಾನು. "ಸಾರ್, ಅಪೂರ್ಣ ಅಂತ ಬರೆದ್ರೆ ಏನು ಕಡಿಮೆ ಇದೆ ಅಂತಲೂ ಬರೀಬೇಕಾಗುತ್ತೆ. ಏನು ಬರೀಲಿ?" ಅಂದೆ. ದನಿ ಎತ್ತಲಿಲ್ಲ. ಉತ್ತರ ಬರಲಿಲ್ಲ. ನಾನು ಬರೆದೆ. ಅರ್ಜಿದಾರರ ದಾಖಲೆಗಳು ಪೂರ್ಣವಾಗಿವೆ. ಪ್ರವೇಶ ಶುಲ್ಕ ಪಾವತಿಯಾಗಿದೆ. ಸದರಿ ರಸ್ತೆಯಲ್ಲಿ ಈಗಾಗಲೇ ಆರು ಅಂಗಡಿಗಳಿರುವ ಕಾರಣಕ್ಕೆ ಸದಸ್ಯತ್ವವನ್ನು ಮುಂದೂಡಲು ಸಮಿತಿಯ ಇಬ್ಬರು ಸೂಚಿಸಿದರು. ನಮ್ಮ ಉಪನಿಯಮದಲ್ಲಿ ಈ ಕಾರಣಕ್ಕೆ ಅವಕಾಶವಿರುವುದು ಕಂಡುಬಂದಿಲ್ಲ. ನಾಲ್ಕೇ ಸಾಲು. ಓದಿ ಹೇಳಿ, ಸಹಿಗೆ ಪುಸ್ತಕ ಮುಂದಿಟ್ಟೆ.

ಹತ್ತು ನಿಮಿಷ ಯಾರೂ ಪೆನ್ನು ತೆಗೀಲಿಲ್ಲ. ಖಜಾಂಚಿಯವರು "ಏನ್ರೀ ಇದು, ನಮ್ಮ ಅನ್ನ ತಿಂದು..." ಅಂತ ಶುರು ಮಾಡಿದ್ರು. ಸಂಬಳ ಅನ್ನಿ ಸಾರ್ ಅಂದೆ.

ಆಗ ನನಗೆ ಧೈರ್ಯ ಕೊಟ್ಟದ್ದು ಘೋಷಣೆ ಅಲ್ಲ, ಫೈಲು. ಭಾರತೀಯ ಸ್ಪರ್ಧಾ ಆಯೋಗ 2013ರಲ್ಲೇ ಅಖಿಲ ಭಾರತ ಮಟ್ಟದ ಔಷಧ ವ್ಯಾಪಾರಿ ಸಂಘಟನೆಯ ವಿರುದ್ಧ ಆದೇಶ ಕೊಟ್ಟಿದೆ. ಸ್ಟಾಕಿಸ್ಟರನ್ನ ನೇಮಿಸೋಕೆ ಸಂಘದ ನಿರಾಕ್ಷೇಪಣಾ ಪತ್ರ ಬೇಕು ಅನ್ನೋ ಪದ್ಧತಿ 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ ಅಂತ ಹೇಳಿ, ದಂಡವನ್ನೂ ಹಾಕಿದೆ. ಆ ಆದೇಶದ ಪ್ರತಿ ನನ್ನ ಬೀರುವಿನಲ್ಲಿ ಎಷ್ಟೋ ಕಾಲದಿಂದ ಇತ್ತು. ಮಾರನೇ ದಿನ ಅಧ್ಯಕ್ಷರ ಮೇಜಿನ ಮೇಲೆ ಇಟ್ಟೆ. ಅವರು ಕೆಟ್ಟ ಮನುಷ್ಯ ಅಲ್ಲ, ಲೆಕ್ಕದ ಮನುಷ್ಯ. ಓದಿದ್ರು. ನಡಾವಳಿಯಲ್ಲಿ ಏನು ಬರೆದಿದೆ ಅಂತ ಮತ್ತೆ ತೆಗೆಸಿ ನೋಡಿದ್ರು. ಮುಂದಿನ ಸಭೆಯಲ್ಲಿ ಸದಸ್ಯತ್ವ ಮಂಜೂರಾಯ್ತು.

ಅಂಗಡಿ ಈಗ ನಡೀತಿದೆ. ಮೊದಲ ವಾರ ನಮ್ಮ ಜನವೇ ಅನುಮಾನದಿಂದ ನೋಡಿದ್ರು, "ಇಲ್ಲಿ ಎಲ್ಲಾ ಔಷಧಿ ಸಿಗುತ್ತಾ?" ಅಂತ. ಬಾಬಾಸಾಹೇಬರು ತಮ್ಮ ನೆನಪುಗಳಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಕತೆ ಹೇಳ್ತಾರೆ, 1929ರ ಕಾಗದ ಅದು. ಬಾಣಂತಿ ಹೆಂಡತಿಗೆ ಕಾಯಿಲೆ. ಬಂದ ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸ್ಲಿಮನ ಕೈಗೆ ಕೊಟ್ಟರು, ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ಸೂ ಅದೇ ದಾರಿ. ಆಕೆ ಉಳಿಯಲಿಲ್ಲ. ನಮ್ಮ ಹುಡುಗನ ಅಂಗಡಿಯಲ್ಲಿ ಸಂಜೆ ಹೊತ್ತು ಬಿಪಿ ನೋಡಿಸೋಕೆ ಸಾಲು ನಿಂತಿರುತ್ತೆ. ಅಗ್ರಹಾರದ ಅಜ್ಜಿಯೊಬ್ಬರು ಸೀರೆ ಸೆರಗು ಸರಿಸಿ ತೋಳು ಚಾಚ್ತಾರೆ, ಅವನು ಪಟ್ಟಿ ಸುತ್ತುತಾನೆ. ನಾನು ಅದನ್ನ ನೋಡೋಕಂತಲೇ ಎರಡು ಸಲ ಅಲ್ಲಿ ಹೋಗಿ ಕ್ರೋಸಿನ್ ತಗೊಂಡಿದೀನಿ.

ಆದರೆ ಎಲ್ಲಾ ಸಲೀಸಾಗಿದೆ ಅಂದ್ಕೋಬೇಡಿ. ಹೋಲ್‌ಸೇಲಿನವರು ಮಾಲು ಕೊಡ್ತಿದಾರೆ, ನಗದಿಗೆ ಮಾತ್ರ. ಎದುರಿನ ಅಂಗಡಿಗೆ 21 ದಿನದ ಉದ್ರಿ, ಇವನಿಗೆ ಒಂದು ದಿನವೂ ಇಲ್ಲ. ಬೆಲೆ ನಿಗದಿಯಾದ ಔಷಧಿಗಳಲ್ಲಿ ಚಿಲ್ಲರೆಯವನಿಗೆ ಸಿಗೋದು ಶೇ 16ರ ಲಾಭಾಂಶ. ಅದರಲ್ಲೇ ಬಾಡಿಗೆ, ಕರೆಂಟು, ಬ್ಯಾಂಕಿನ ಕಂತು. ನಗದು ಕೊಟ್ಟು ಮಾಲು ತಂದು, ಅದು ಮಾರೋವರೆಗೂ ಕಾಯೋ ಅಂಗಡಿ ಎಷ್ಟು ದಿನ ಉಸಿರು ಹಿಡೀಬಹುದು ಅಂತ ನೀವೇ ಲೆಕ್ಕ ಹಾಕಿ. ಹಿಂದೆ ಫ್ರೇಮು ಬಾಡಿಗೆಗೆ ತಗೊಂಡಿದ್ದ ಸಾಹುಕಾರರು ಈಗಾಗಲೇ ಎರಡು ಸಲ ಬಂದು, "ಬಾರಪ್ಪಾ, ಮೊದಲಿಗಿಂತ ಸಾವಿರ ಜಾಸ್ತಿ ಕೊಡ್ತೀನಿ" ಅಂದು ಹೋಗಿದಾರೆ.

ನನ್ನ ಕೆಲಸದ ಬಗ್ಗೆಯೂ ಗುಸುಗುಸು ನಡೀತಿದೆ. ಗುಮಾಸ್ತನ ಬದಲು ಕಂಪ್ಯೂಟರ್ ಗೊತ್ತಿರೋ ಹುಡುಗಿ ತಗೊಂಡ್ರೆ ಸಂಬಳ ಕಡಿಮೆ ಆಗುತ್ತೆ ಅಂತ ಯಾರೋ ಸಲಹೆ ಕೊಟ್ಟಿದಾರಂತೆ. ಕೊಡಲಿ. ಹದಿನಾಲ್ಕು ವರ್ಷದ ನಡಾವಳಿ ಪುಸ್ತಕಗಳಿಗೆ ಪುಟಸಂಖ್ಯೆ ಹಾಕಿ ಇಟ್ಟಿದೀನಿ, ಒಂದು ಹಾಳೆ ಹರಿದರೂ ಗೊತ್ತಾಗುತ್ತೆ.

ಈ ತಿಂಗಳ ಕೊನೇ ಭಾನುವಾರ ಸರ್ವಸದಸ್ಯರ ಸಭೆ. ಹುಡುಗ ಈಗ ಮತ ಇರೋ ಸದಸ್ಯ, ಲಿಖಿತವಾಗಿ ವಿಷಯ ಕೊಟ್ಟಿದಾನೆ: ಎಲ್ಲಾ ಸದಸ್ಯರಿಗೂ ಸಮಾನ ಉದ್ರಿ ಅವಧಿ ಇರುವಂತೆ ಹೋಲ್‌ಸೇಲ್ ಸದಸ್ಯರೊಂದಿಗೆ ಮಾತುಕತೆ. ಕಾರ್ಯದರ್ಶಿಯವರು ಇದನ್ನ "ಇತರೆ ವಿಷಯಗಳು" ಅನ್ನೋದರ ಕೆಳಗೆ ಹಾಕಿ ಅಂದ್ರು. ಲಿಖಿತವಾಗಿ ಬಂದ ವಿಷಯಕ್ಕೆ ಉಪನಿಯಮದಲ್ಲಿ ಪ್ರತ್ಯೇಕ ಸಂಖ್ಯೆ ಇದೆ ಸಾರ್ ಅಂದೆ. ಐದನೇ ವಿಷಯ. ನೋಟೀಸು ನಿನ್ನೆ ಎಲ್ಲಾ ಸದಸ್ಯರಿಗೂ ಅಂಚೆಯಲ್ಲಿ ಹೋಯ್ತು, ರಸೀತಿಗಳು ನನ್ನ ಹತ್ರ ಇವೆ.

ತಮ್ಮ ಸರ್ಟಿಫಿಕೇಟು ಯಾವುದಾದರೂ ಗೋಡೆ ಮೇಲೆ ಬಿಟ್ಟಿರೋ ಹುಡುಗ ಹುಡುಗಿಯರು ಯಾರಿದ್ದರೂ ಇನ್‌ಬಾಕ್ಸಿಗೆ ಬನ್ನಿ. ಸಾಲದ ಅರ್ಜಿ, ಲೈಸೆನ್ಸಿನ ಕಾಗದ ಹೇಗೆ ತುಂಬೋದು ಅಂತ ಹೇಳಿಕೊಡ್ತೀನಿ. ಭಾನುವಾರ ಬೆಳಿಗ್ಗೆ ಮಾತ್ರ ಬೇಡ, ಸಭೆ ಇದೆ.