ಒಮ್ಮೆ ಮಾರಿದ ಮಾಲು

1970ರ ದಶಕದ ಮಾತು. ನಾನು ಆಗ ಆಳಂದದಲ್ಲಿ ಓದುತ್ತಿದ್ದೆ. ಅಲ್ಲಿಯ ಬಜಾರದ ಬಟ್ಟೆಯಂಗಡಿಯೊಂದರಲ್ಲಿ ಎರಡು ಹಲಗೆಗಳು ತೂಗುತ್ತಿದ್ದವು. ಒಂದರ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂದಿತ್ತು. ಇನ್ನೊಂದರ ಮೇಲೆ ‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದಿತ್ತು. ಒಮ್ಮೆ ಅಪ್ಪ ನನ್ನ ಚಡ್ಡಿಗೆಂದು ತಂದ ಖಾಕಿ ಬಟ್ಟೆಯನ್ನು ಮನೆಯಲ್ಲಿ ಬಿಚ್ಚಿ ನೋಡಿದರೆ ನಡುವೆ ತೂತು. ಮರುದಿನ ಅಳುಕುತ್ತಲೇ ಅಂಗಡಿಗೆ ಹೋದರು; ನಾನೂ ಜೊತೆಗಿದ್ದೆ. ಸಾಹುಕಾರರು ಮಾತಿಲ್ಲದೆ ಬೇರೆ ಬಟ್ಟೆ ಹರಿದುಕೊಟ್ಟರು. ಅಪ್ಪ ಹಲಗೆಯತ್ತ ನೋಡಿದ್ದನ್ನು ಗಮನಿಸಿ, “ಆ ಹಲಗಿ ಮನಸ್ಸು ಬದಲಾದವ್ರಿಗೆ ಹಾಕೀನ್ರಿ, ಹರಕ ಬಟ್ಟಿಗಲ್ಲ” ಎಂದರು. ಆ ಮಾತು ಐವತ್ತು ವರ್ಷಗಳ ಬಳಿಕ ಮತ್ತೆ ನೆನಪಾಗುವ ಸಂದರ್ಭ ಬಂದಿತು.

ಕಳೆದ ತಿಂಗಳು ಅಫಜಲಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವವರಿಗಾಗಿ ಟಿಪ್ಪಣಿಗಳನ್ನು ಸಿದ್ಧಪಡಿಸಿ, ಪಿಡಿಎಫ್ ರೂಪದಲ್ಲಿ ಅಂತರಜಾಲದ ಮೂಲಕ ಮಾರುತ್ತಾನೆ. ಒಂದು ಪ್ರತಿಗೆ ನೂರೈವತ್ತು ರೂಪಾಯಿ.

“ಸರ್, ಮಂದಿ ಪಿಡಿಎಫ್ ತಗೊಂಡು, ಎಲ್ಲಾ ಓದಿ, ಆಮ್ಯಾಲೆ ರೊಕ್ಕ ವಾಪಸ್ ಕೊಡ್ರಿ ಅಂತಾರ್ರಿ. ಯಾವ ಕಾರಣಕ್ಕೂ ಹಣ ಮರಳಿಸಲಾಗುವುದಿಲ್ಲ ಅಂತ ನೀವ ಒಂದಿಷ್ಟು ಛಲೋ ಕನ್ನಡದಾಗ ಬರದು ಕೊಡ್ರಿ” ಎಂದ.

ಅವನ ಸಂಕಟ ಸುಳ್ಳಲ್ಲ. ಪುಸ್ತಕವನ್ನು ಹಿಂದಿರುಗಿಸಿದವನ ಕೈಯಲ್ಲಿ ಪುಸ್ತಕ ಉಳಿಯುವುದಿಲ್ಲ. ಪಿಡಿಎಫ್ ಹಾಗಲ್ಲ, ‘ಹಿಂದಿರುಗಿಸಿದೆ’ ಎಂದವನ ಮೊಬೈಲಿನಲ್ಲಿ ಅದು ಇದ್ದೇ ಇರುತ್ತದೆ, ಗೆಳೆಯರ ಗುಂಪಿಗೂ ಹೋಗಿರುತ್ತದೆ. ರಾತ್ರಿಯೆಲ್ಲ ಕುಳಿತು ಬರೆದವನ ಶ್ರಮಕ್ಕೆ ರಕ್ಷಣೆ ಬೇಡವೇ? ಬೇಕು. ಆದರೂ ‘ಯಾವ ಕಾರಣಕ್ಕೂ’ ಎಂಬ ಎರಡು ಪದಗಳನ್ನು ಬರೆಯಲು ನನ್ನ ಕೈ ಏಳಲಿಲ್ಲ. ಅದಕ್ಕೆ ಕಾರಣ ಜೇವರ್ಗಿ ತಾಲ್ಲೂಕಿನ ಇನ್ನೊಬ್ಬ ವಿದ್ಯಾರ್ಥಿ.

ಅವನು ಒಕ್ಕಲುತನ ಮಾಡುವವನು. 2022ರಲ್ಲಿ ತನ್ನ ಮಗಳಿಗೆ ಆನ್‌ಲೈನ್ ಪಾಠದ ಕೋರ್ಸೊಂದನ್ನು ಕೊಳ್ಳುವ ಮೊದಲು ನನ್ನ ಬಳಿಗೆ ಬಂದಿದ್ದ. ಕನ್ನಡದಲ್ಲಿ ನೇರ ಪಾಠ, ವರ್ಷಪೂರ್ತಿ, ತಿಂಗಳ ಕಂತು ಎಂದು ಜಾಹೀರಾತು ಹೇಳುತ್ತಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಉದ್ದನೆಯ ಷರತ್ತುಗಳಿದ್ದವು. ಅವನು ಮೊಬೈಲನ್ನು ನನ್ನ ಕೈಗಿತ್ತು, “ನೀವು ನೋಡಿದ್ರ ಸಾಕ್ರಿ ಸರ್” ಎಂದ. ನಾನು ಮೇಲಿನ ನಾಲ್ಕು ಸಾಲು ಓದಿ, ‘ಒಪ್ಪಿದ್ದೇನೆ’ ಎಂಬಲ್ಲಿ ನನ್ನ ಬೆರಳಿನಿಂದಲೇ ಒತ್ತಿದೆ. ಪ್ರಶ್ನೆಪತ್ರಿಕೆಯ ಸೂಚನೆಗಳನ್ನು ಕೊನೆಯವರೆಗೂ ಓದಿರೆಂದು ಮೂವತ್ತು ವರ್ಷ ಗದರಿಸಿದ ಮೇಷ್ಟ್ರು ನಾನು!

ಪಾಠಗಳು ಕನ್ನಡದಲ್ಲಿ ಬರಲಿಲ್ಲ. ಹುಡುಗಿಗೆ ಅರ್ಥವಾಗಲಿಲ್ಲ. ಕಂತುಗಳು ಮಾತ್ರ ತಪ್ಪದೆ ಬ್ಯಾಂಕಿನಿಂದ ಕಡಿತವಾಗುತ್ತಿದ್ದವು. ಕೇಳಿದರೆ, ಹಣ ಮರಳಿಸಲಾಗುವುದಿಲ್ಲವೆಂದು ಷರತ್ತಿನಲ್ಲಿ ಹೇಳಿದ್ದೇವೆ, ತಾವು ಒಪ್ಪಿದ್ದೀರಿ ಎಂಬ ಉತ್ತರ. ಒಪ್ಪಿದವನು ನಾನು, ಹಣ ಅವನ ತೊಗರಿಯದು.

ಆಗ ನಾನು ಕಾನೂನನ್ನು ಹುಡುಕಿ ಓದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಬಂದವು. ಅವು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯಿಸುತ್ತವೆ. ಸರಕು ಅಥವಾ ಸೇವೆ ದೋಷಯುಕ್ತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಮಾರಿದವನು ಹಣ ಮರಳಿಸಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿತೆಂದು ತಿಳಿಸಬೇಕು. ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದರೆ ಕೊಂಡವನ ಮನಸ್ಸು ಬದಲಾಯಿತೆಂಬ ಒಂದೇ ಕಾರಣಕ್ಕೆ ಹಣ ಮರಳಿಸಲೇಬೇಕೆಂದು ಈ ನಿಯಮಗಳು ಹೇಳುವುದಿಲ್ಲ. ನೋಡಿದರೆ, ಆಳಂದದ ಸಾಹುಕಾರರು ಹೇಳಿದ್ದೂ ಇಷ್ಟೇ!

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಕೊಟ್ಟೆವು. ಎರಡು ತಿಂಗಳ ಓಡಾಟದ ನಂತರ ಕಡಿತ ನಿಂತಿತು. ಕಟ್ಟಿದ್ದರಲ್ಲಿ ಅರ್ಧದಷ್ಟು ಮರಳಿ ಬಂದಿತು. ಆ ಹುಡುಗಿ ಕಳೆದುಕೊಂಡ ಓದಿನ ತಿಂಗಳುಗಳನ್ನು ಮರಳಿಸುವವರು ಯಾರೂ ಇರಲಿಲ್ಲ. ಅವಳ ತಂದೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಇದನ್ನೆಲ್ಲ ಅಫಜಲಪುರದ ಹುಡುಗನಿಗೆ ಹೇಳಿದೆ. “ನಂದು ಬರೀ ಪಿಡಿಎಫ್ ಅದ ಅಲ್ರಿ ಸರ್” ಎಂದ. ನಿಜ, ಎರಡಕ್ಕೂ ವ್ಯತ್ಯಾಸವಿದೆ. ಪಿಡಿಎಫ್ ಪೂರ್ತಿಯಾಗಿ ಕೊಂಡವನ ಕೈಸೇರುತ್ತದೆ. ವರ್ಷದ ಪಾಠ ಹಾಗಲ್ಲ. ಅದರ ಬಾಗಿಲ ಕೀಲಿ ಮಾರಿದವನ ಕೈಯಲ್ಲೇ ಇರುತ್ತದೆ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಕೆಲವು ಪ್ರತಿಗಳನ್ನು, ಅವುಗಳನ್ನು ಒದಗಿಸಿದವರಿಗೆ ಮಾರುವ ಹಕ್ಕಿರಲಿಲ್ಲವೆಂದು, ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಹಣ ಮರಳಿಸಿತ್ತು. ಆಮೇಲೆ ಕ್ಷಮೆಯನ್ನೂ ಕೇಳಿತು. ಮಾರಿದವನು ತನಗೆ ಬೇಕಾದಾಗ ಹಿಂಪಡೆಯಬಲ್ಲನಾದರೆ, ‘ಡಿಜಿಟಲ್ ಮಾಲು ಹಿಂದಕ್ಕೆ ಬಾರದು’ ಎಂಬುದು ಎಲ್ಲ ಸಂದರ್ಭಕ್ಕೂ ಒಪ್ಪುವ ಮಾತಲ್ಲ. ನಾನು ಕಲಿಸಿದ ಪಾಠವನ್ನು ನೀವು ಯಾರೂ ನನಗೆ ಹಿಂದಿರುಗಿಸಲಾರಿರಿ. ಆದರೆ ಕಲಿಸದೆ ಇದ್ದ ಪಾಠಕ್ಕೆ ನಾನು ಸಂಬಳ ಪಡೆದಿದ್ದರೆ ಅದು ನ್ಯಾಯವೇ?

ಕೊನೆಗೆ ಇಬ್ಬರೂ ಕೂಡಿ ಹೀಗೆ ಬರೆದೆವು:

‘ಕೊಳ್ಳುವ ಮೊದಲು ಹತ್ತು ಪುಟಗಳನ್ನು ಉಚಿತವಾಗಿ ಓದಿ ನೋಡಿರಿ. ಪಿಡಿಎಫ್ ಇಳಿಸಿಕೊಂಡ ಮೇಲೆ, ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಹಣ ಮರಳಿಸಲಾಗುವುದಿಲ್ಲ. ಆದರೆ ಅದು ತೆರೆಯದಿದ್ದರೆ, ಪುಟಗಳು ಬಿಟ್ಟುಹೋಗಿದ್ದರೆ, ಹೇಳಿದ ವಿಷಯ ಅದರಲ್ಲಿ ಇಲ್ಲದಿದ್ದರೆ, ಹೇಳಿದ ದಿನಕ್ಕೆ ತಲುಪದಿದ್ದರೆ ಸರಿಯಾದ ಪ್ರತಿ ಅಥವಾ ಪೂರ್ಣ ಹಣ, ನೀವು ಕೇಳಿದ್ದನ್ನು ಕೊಡುತ್ತೇವೆ.’

ಇದನ್ನು ಹಣ ಕಟ್ಟುವ ಗುಂಡಿಯ ಮೇಲ್ಗಡೆ, ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲಿಯೇ ಹಾಕಬೇಕೆಂದೆ. ಒಪ್ಪಿಗೆಯ ಗುರುತನ್ನು ಮೊದಲೇ ಹಾಕಿಡುವಂತಿಲ್ಲವೆಂದೂ ತಿಳಿಸಿದೆ. ನಿಯಮವೂ ಅದನ್ನೇ ಹೇಳುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತು ಪುಟ ಪುಕ್ಕಟೆ ಕೊಟ್ರ ಲುಕ್ಸಾನ ಆಗೂದಿಲ್ಲೇನ್ರಿ?” ಎಂದ. “ಬಟ್ಟೆ ಮುಟ್ಟಿ ನೋಡಾಕ ಕೊಡಲಾರದ ಅಂಗಡಿಗೆ ಯಾರು ಬರ್ತಾರಪಾ?” ಎಂದೆ. ನಕ್ಕು ಒಪ್ಪಿಕೊಂಡ.

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಕೊಳ್ಳುವವರೂ ಇದ್ದೀರಿ, ಮಾರುವವರೂ ಇದ್ದೀರಿ. ಕೊಳ್ಳುವವರು ಜಾಹೀರಾತಿನ ಚಿತ್ರವನ್ನೂ ರಸೀದಿಯನ್ನೂ ತೆಗೆದಿಟ್ಟುಕೊಳ್ಳಿರಿ. 1915ರಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು, ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಮಾರುವವರು ಹರಕು ಬಟ್ಟೆಗೆ ಹಲಗೆಯನ್ನು ಅಡ್ಡ ಹಿಡಿಯಬೇಡಿರಿ.

ಜೇವರ್ಗಿಯ ಆ ಹುಡುಗಿ ಈಗ ಕಲಬುರಗಿಯಲ್ಲಿ ಓದುತ್ತಿದ್ದಾಳೆ. ಮೊನ್ನೆ ಹಾಸ್ಟೆಲಿನ ಅರ್ಜಿಯೊಂದನ್ನು ಮೊಬೈಲಿನಲ್ಲಿ ಕಳಿಸಿ, “ಅಜ್ಜಾರೆ, ಒಂದ್ಸಲ ಓದಿ ನೋಡ್ರಿ” ಎಂದಳು. ಕನ್ನಡಕ ಏರಿಸಿಕೊಂಡು, ಕೊನೆಯ ಸಾಲಿನವರೆಗೂ ಓದಿದೆ.